‘ಕ್ವಿಕ್ ಮಾರ್ಚ್’ನಲ್ಲಿ ಎಷ್ಟು ತುಂಡು?

ಮಗಳು ಆರನೇ ಕ್ಲಾಸು. ಅವಳ ಇಂಗ್ಲಿಷ್ ವರ್ಕ್‌ಶೀಟಿನಲ್ಲಿ ಹತ್ತು ಪದ ಕೊಟ್ಟು, ಸಿಲಬಲ್‌ಗಳಾಗಿ ಬಿಡಿಸಿ, ಎಷ್ಟು ಅಂತ ಎದುರಿಗೆ ಬರೆಯಿರಿ ಅಂತ ಇತ್ತು. ಪಾಠ ಸೈನಿಕನೊಬ್ಬನ ಬಗ್ಗೆ ಇದ್ದದ್ದರಿಂದ ಪದಗಳೂ ಅದೇ ಜಾತಿಯವು. ಸೋಲ್ಜರ್, ಪರೇಡ್, ಅಟೆನ್ಷನ್, ಫಾರ್ವರ್ಡ್... ಕೊನೆಯದು ಕ್ವಿಕ್ ಮಾರ್ಚ್. ಗದ್ದದ ಕೆಳಗೆ ಅಂಗೈ ಇಟ್ಟುಕೊಂಡು ಪದ ಹೇಳಬೇಕು, ಗದ್ದ ಎಷ್ಟು ಸಲ ಕೈಗೆ ತಾಗುತ್ತೋ ಅಷ್ಟು ಸಿಲಬಲ್ ಅಂತ ಮಿಸ್ ಹೇಳಿಕೊಟ್ಟಿದ್ದರಂತೆ. ಹಾಗೇ ಮಾಡಿ ನೋಡಿ ಅವಳು ‘ಕ್ವಿಕ್, ಮಾರ್ಚ್, ಎರಡು’ ಅಂದಳು.

ಪಕ್ಕದಲ್ಲಿ ಕುರ್ಚಿ ಮೇಲೆ ಕೂತಿದ್ದ ನನ್ನ ಅಪ್ಪ, ಪೇಪರಿನಿಂದ ತಲೆ ಎತ್ತದೆ, ‘ಮೂರು’ ಅಂದರು.

‘ತಾತಾ, ಎರಡೇ! ಕ್ವಿಕ್ ಒಂದು, ಮಾರ್ಚ್ ಒಂದು.’

‘ನಡುವಿನದ್ದು ಯಾರು ಲೆಕ್ಕ ಹಾಕ್ತಾರೆ?’

‘ನಡುವೆ ಏನಿದೆ? ಏನೂ ಇಲ್ವಲ್ಲ!’

‘ಅದೇ. ಆ ಏನೂ ಇಲ್ಲದ್ದೇ ಒಂದು.’

ಮಗಳು ನನ್ನ ಮುಖ ನೋಡಿದಳು. ಆಮೇಲೆ ಜಾಣೆಯ ಹಾಗೆ ಎರಡು ಅಂತಲೇ ಬರೆದಳು. ‘ಮಾರ್ಕ್ಸ್ ಕೊಡೋದು ಮಿಸ್ಸು, ತಾತ’ ಅಂತ ಕಾರಣವನ್ನೂ ಕೊಟ್ಟಳು. ವರ್ಕ್‌ಶೀಟಿನ ಮಟ್ಟಿಗೆ ಅವಳದ್ದೇ ಸರಿ. ಆದರೆ ಅಪ್ಪ ಹೇಳಿದ ಮೂರನೆಯ ತುಂಡು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಅದಕ್ಕೆ ಕಾರಣವೂ ಇದೆ, ಮುಂದೆ ಹೇಳ್ತೀನಿ.

ಅಪ್ಪ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇಪ್ಪತ್ತೆರಡು ವರ್ಷ ಇದ್ದು ಹವಾಲ್ದಾರರಾಗಿ ನಿವೃತ್ತಿಯಾದವರು. ಊರಿಗೆ ಬಂದಮೇಲೆ ಒಂದು ಇಂಗ್ಲಿಷ್ ಶಾಲೆಯಲ್ಲಿ ಹತ್ತು ವರ್ಷ ಡ್ರಿಲ್ ಮೇಷ್ಟ್ರು. ಪಲ್ಟನ್ನಿನಲ್ಲಿ ಹಿಂದಿ ಹುಕುಂ: ತೇಜ್ ಚಲ್, ಪೀಛೇ ಮುಡ್, ಥಮ್. ಶಾಲೆಯಲ್ಲಿ ಇಂಗ್ಲಿಷ್ ಹುಕುಂ: ಕ್ವಿಕ್ ಮಾರ್ಚ್, ಎಬೌಟ್ ಟರ್ನ್, ಹಾಲ್ಟ್. ಎರಡೂ ಅವರಿಗೆ ಬಾಯಿಪಾಠ. ಹೀಗಾಗಿ ನಮ್ಮ ಮನೆಯಲ್ಲಿ ಪದದ ಅರ್ಥಕ್ಕೆ ನಿಘಂಟು ತೆಗೆಯೋದು ನಾನು. ಪದವನ್ನ ಹೇಗೆ ಕೂಗಬೇಕು ಅನ್ನೋದಕ್ಕೆ ಅಪ್ಪನೇ ನಿಘಂಟು.

ಸಿಲಬಲ್ ಅನ್ನೋದು ನಮಗೆ ಸ್ವಲ್ಪ ಗೊಂದಲದ ವಿಷಯ. ನಾವು ಅಕ್ಷರ ಲೆಕ್ಕ ಹಾಕಿ ಬೆಳೆದವರು. ‘ಕ್ವಿಕ್’ ಅಂತ ಬರೆದರೆ ಕಣ್ಣಿಗೆ ಎರಡು ಅಕ್ಷರ ಕಾಣುತ್ತೆ, ‘ಮಾರ್ಚ್’ ಕೂಡ ಹಾಗೇ. ಆದರೆ ಬಾಯಿ ಒಂದೊಂದೇ ಸಲ ತೆರೆಯುತ್ತೆ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಪದ್ಯಕ್ಕೆ ಪ್ರಸ್ತಾರ ಹಾಕಿಸುತ್ತಿದ್ದರಲ್ಲ, ಆ ಲೆಕ್ಕ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತೆ. ವ್ಯಂಜನದಲ್ಲಿ ಮುಗಿದರೆ ಗುರು. ಕ್ವಿಕ್ ಒಂದು ಗುರು, ಮಾರ್ಚ್ ಒಂದು ಗುರು. ಎರಡು ಗುರು, ಎರಡು ಹೆಜ್ಜೆ.

ತೊಂದರೆ ಶುರುವಾಗೋದು ನಮ್ಮ ನಾಲಿಗೆಯಿಂದ. ಕನ್ನಡದ ನಾಲಿಗೆಗೆ ವ್ಯಂಜನದಲ್ಲಿ ಮಾತು ಮುಗಿಸಿದರೆ ಸಮಾಧಾನ ಇಲ್ಲ. ಬಸ್ ಬಂದು ಬಸ್ಸು ಆಯ್ತು, ಕಾರ್ ಕಾರು ಆಯ್ತು, ಬ್ಯಾಂಕ್ ಬ್ಯಾಂಕು. ಮಾರ್ಚ್ ಕೂಡ ಮಾರ್ಚು. ತಿಂಗಳ ಹೆಸರಾದರೆ ಪರವಾಗಿಲ್ಲ, ‘ಮಾರ್ಚು ತಿಂಗಳ ಬಿಸಿಲು’ ಅಂದರೆ ಯಾರಿಗೂ ನಷ್ಟ ಇಲ್ಲ. ಮೈದಾನದಲ್ಲಿ ‘ಕ್ವಿಕ್ ಮಾರ್ಚು’ ಅಂದರೆ ನಷ್ಟ. ಗುರುವಿನ ಹಿಂದೆ ಒಂದು ಲಘು ಅಂಟಿಕೊಂಡಿತು. ಮೂವತ್ತು ಮಕ್ಕಳಲ್ಲಿ ಹದಿನೈದು ಮಂದಿ ‘ಮಾರ್’ಗೆ ಕಾಲೆತ್ತುತ್ತಾರೆ, ಇನ್ನು ಹದಿನೈದು ಮಂದಿ ‘ಚು’ಗೆ. ಸಾಲು ಅಲ್ಲೇ ಕಲಸಿದ ಅವಲಕ್ಕಿ. ಅಪ್ಪ ಶಾಲೆಯಲ್ಲಿ ಮಾನಿಟರುಗಳಿಗೆ ಹೇಳುತ್ತಿದ್ದ ಮೊದಲ ಮಾತೇ ‘ಚು ಬೇಡ’ ಅಂತ. ಆ ಶಾಲೆಯ ಹಳೇ ಹುಡುಗರು ಈಗಲೂ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ‘ಸರ್, ಚು ಬೇಡ’ ಅಂತ ನಗ್ತಾರೆ.

ಈಗ ಅಪ್ಪನ ಮೂರನೇ ತುಂಡಿಗೆ ಬರೋಣ.

ಡ್ರಿಲ್ಲಿನ ಹುಕುಂ ಹೆಚ್ಚಿನವು ಎರಡು ಭಾಗದವು. ಮೊದಲನೆಯದು ಎಚ್ಚರಿಕೆಯ ಮಾತು, ಎರಡನೆಯದು ಕೆಲಸದ ಮಾತು. ‘ಕ್ವಿಕ್’ ಅನ್ನೋದು ಎಚ್ಚರಿಕೆ. ಏನು ಮಾಡಬೇಕಾಗಿದೆ ಅಂತ ಅದು ತಲೆಗೆ ತಿಳಿಸುತ್ತೆ. ಆಗ ಯಾರೂ ಅಲ್ಲಾಡಕೂಡದು. ‘ಮಾರ್ಚ್’ ಅನ್ನೋದು ಕೆಲಸ. ಅದು ಕಾಲಿಗೆ. ಇವೆರಡರ ನಡುವೆ ಒಂದು ಬಿಡುವು ಇರಲೇಬೇಕು. ಕೇಳಿದ್ದು ಕಿವಿಯಿಂದ ತಲೆಗೆ ಹೋಗಿ, ಅಲ್ಲಿಂದ ಕಾಲಿಗೆ ಇಳಿದು, ಮೈ ಸಿದ್ಧವಾಗಿ ನಿಲ್ಲೋದಕ್ಕೆ ಬೇಕಾದ ಹೊತ್ತು ಅದು. ಬಿಡುವು ಕೊಡದೆ ಗಡಿಬಿಡಿಯಲ್ಲಿ ‘ಕ್ವಿಕ್ಮಾರ್ಚ್’ ಅಂತ ಒಟ್ಟಿಗೇ ಕೂಗಿದರೆ ಅರ್ಧ ಜನ ತಡವಾಗಿ ಹೊರಡುತ್ತಾರೆ. ಬಿಡುವು ಜಾಸ್ತಿಯಾದರೆ ಇನ್ನೂ ಕಷ್ಟ, ಯಾರಾದರೂ ಒಬ್ಬ ಕಾಯಲಾರದೆ ಮುಂದಕ್ಕೆ ಬಿದ್ದುಬಿಡುತ್ತಾನೆ.

ಎಚ್ಚರಿಕೆಯ ಮಾತು ಎಷ್ಟು ಉದ್ದ ಬೇಕಾದರೂ ಇರಬಹುದು, ಎಳೆಯಬಹುದು. ಕೆಲಸದ ಮಾತು ಮಾತ್ರ ಚುಟುಕಾಗಿರಬೇಕು, ಆದಷ್ಟೂ ಒಂದೇ ಸಿಲಬಲ್. ಗಮನಿಸಿ: ಮಾರ್ಚ್, ಟರ್ನ್, ಹಾಲ್ಟ್. ಹಿಂದಿಯಲ್ಲೂ ಚಲ್, ಮುಡ್, ಥಮ್. ಬಾಯಿ ಒಂದೇ ಸಲ ತೆರೆದು ಮುಚ್ಚುತ್ತೆ. ‘ದಾಹಿನೇ... ಮುಡ್’ ಅನ್ನೋದರಲ್ಲಿ ದಾಹಿನೇ ಎಷ್ಟು ಎಳೆದರೂ ಆಗುತ್ತೆ, ಮುಡ್ ಎಳೆಯೋ ಹಾಗಿಲ್ಲ.

ಒಂದೇ ಪದದ ಹುಕುಂ ಬಂದರೆ? ಆಗ ಪದವನ್ನೇ ಒಡೆಯುತ್ತಾರೆ. ಇಂಗ್ಲಿಷ್ ನಿಘಂಟಿನಲ್ಲಿ ಅಟೆನ್ಷನ್ ಪದಕ್ಕೆ ಎರಡು ಚುಕ್ಕಿ ಇಟ್ಟು ಮೂರು ತುಂಡು ಮಾಡಿರುತ್ತಾರೆ, ಅಟ್, ಟೆನ್, ಷನ್. ಒತ್ತು ನಡುವಿನ ‘ಟೆನ್’ ಮೇಲೆ. ಮೈದಾನಕ್ಕೆ ಬಂದರೆ ಈ ವ್ಯಾಕರಣ ಗಾಳಿಗೆ. ‘ಅಟೆನ್’ ಅನ್ನೋದೆಲ್ಲ ಎಚ್ಚರಿಕೆ, ಬಿಡುವು, ಆಮೇಲೆ ‘ಷನ್’ ಅಂತ ಚಾಟಿ ಏಟು. ಬ್ರಿಟಿಷ್ ಸೇನೆಯಲ್ಲಿ ಮುಂದಿನದ್ದು ಉದುರಿ ಬರೀ ‘ಷನ್’ ಕೇಳುವುದೇ ಹೆಚ್ಚು. ಮಾತಿನಲ್ಲಿ ಯಾರೂ ಒತ್ತದ, ಬಾಲದ ಹಾಗೆ ಇರುವ ತುಂಡಿಗೆ ಇಲ್ಲಿ ಇಡೀ ಸಾಲನ್ನು ನೆಟ್ಟಗೆ ನಿಲ್ಲಿಸುವ ಕೆಲಸ. ನಮ್ಮ ‘ಸಾವಧಾನ್’ ಕೂಡ ಹಾಗೇ ಒಡೆಯುತ್ತೆ. ಸಾ-ವ-ಧಾ-ನ ಅಂತ ನಾಲ್ಕು ಅಕ್ಷರ ಓದಿದ ನಮಗೆ ಅಲ್ಲಿ ಕೇಳಿಸೋದು ‘ಸಾವ್... ಧಾನ್’.

ಸಾವಧಾನದ ಮಾತು ಬಂದಿದ್ದಕ್ಕೆ ಒಂದು ಅಡ್ಡಮಾತು. ಕನ್ನಡದಲ್ಲಿ ಸಾವಧಾನ ಅಂದರೆ ನಿಧಾನ, ತಾಳ್ಮೆ. ‘ಸಾವಧಾನವಾಗಿ ಊಟ ಮಾಡಿ, ಆತುರ ಇಲ್ಲ’ ಅಂತೀವಿ. ಹಿಂದಿ, ಮರಾಠಿಯಲ್ಲಿ ಎಚ್ಚರ ಅಂತ ಅರ್ಥ. ಸಮರ್ಥ ರಾಮದಾಸರ ಕಥೆ ನೀವು ಕೇಳಿರಬಹುದು. ಮದುವೆ ಮಂಟಪದಲ್ಲಿ ಪುರೋಹಿತರು ‘ಸಾವಧಾನ’ ಅಂದದ್ದೇ ತಡ, ಹುಡುಗ ಎಚ್ಚೆತ್ತು ಎದ್ದು ಓಡಿಹೋದನಂತೆ! ಅವರು ಕನ್ನಡದಲ್ಲಿ ಅರ್ಥ ಮಾಡಿಕೊಂಡಿದ್ದರೆ ಮದುವೆ ಸಾವಧಾನವಾಗಿ ಮುಗಿಯುತ್ತಿತ್ತೇನೋ. ನಮ್ಮ ಮಕ್ಕಳು ಮಾತ್ರ ಎರಡೂ ಅರ್ಥ ಇಟ್ಟುಕೊಂಡು ಆರಾಮಾಗಿದ್ದಾರೆ. ಮನೆಯಲ್ಲಿ ಸಾವಧಾನ ಅಂದರೆ ಮೆಲ್ಲಗೆ, ಶಾಲೆಯಲ್ಲಿ ಅಂದರೆ ಮರಗಟ್ಟಿ ನಿಲ್ಲು.

ಇದೇ ಥರದ ಮೋಸ ‘ಕ್ವಿಕ್’ ಪದದಲ್ಲೂ ಇದೆ. ನಾನು ಇಷ್ಟು ವರ್ಷ ಕ್ವಿಕ್ ಮಾರ್ಚ್ ಅಂದರೆ ‘ಬೇಗ ನಡಿ’ ಅಂದುಕೊಂಡಿದ್ದೆ. ಹಾಗಲ್ಲ. ಅದು ಅವಸರ ಮಾಡು ಅನ್ನೋ ಮಾತಲ್ಲ, ಒಂದು ಗತಿಯ ಹೆಸರು. ಸಂಗೀತದಲ್ಲಿ ವಿಳಂಬ, ಮಧ್ಯಮ, ದ್ರುತ ಅನ್ನೋ ಹಾಗೆ. ನಿಮಿಷಕ್ಕೆ 120 ಹೆಜ್ಜೆ, ಒಂದೊಂದು ಹೆಜ್ಜೆ 30 ಇಂಚು. ಲೆಕ್ಕ ಹಾಕಿದರೆ ನಿಮಿಷಕ್ಕೆ 300 ಅಡಿ, ಗಂಟೆಗೆ ಐದೂವರೆ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಬೆಳಿಗ್ಗೆ ಪಾರ್ಕಿನಲ್ಲಿ ಷೂ ಹಾಕಿಕೊಂಡು ವಾಕ್ ಮಾಡುವವರ ನಡಿಗೆಯೇ ಹೆಚ್ಚುಕಡಿಮೆ. ಇದಕ್ಕಿಂತ ನಿಧಾನದ್ದು ಸ್ಲೋ ಮಾರ್ಚ್, ನಿಮಿಷಕ್ಕೆ ಎಪ್ಪತ್ತರ ಆಸುಪಾಸು. ಅಂತ್ಯಕ್ರಿಯೆಗೆ, ದೊಡ್ಡ ಸಮಾರಂಭಕ್ಕೆ. ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಯಲ್ಲಿ ಕಲಿತು ಹೊರಬೀಳುವ ಹುಡುಗರು ‘ಅಂತಿಮ ಪಗ್’ ದಾಟುವುದೂ ಸ್ಲೋ ಮಾರ್ಚಿನಲ್ಲೇ. ನಿಜವಾಗಿ ಅವಸರ ಬೇಕಾದರೆ ಡಬಲ್ ಮಾರ್ಚ್ ಇದೆ, ನಿಮಿಷಕ್ಕೆ 180, ಅದು ಓಟ.

ನಿಘಂಟು ಇನ್ನೂ ಹಿಂದಕ್ಕೆ ತಿರುವಿದರೆ ಕ್ವಿಕ್ ಅಂದರೆ ಮೊದಲಿಗೆ ‘ಬೇಗ’ ಅನ್ನೋ ಅರ್ಥವೇ ಇರಲಿಲ್ಲ. ಹಳೇ ಇಂಗ್ಲಿಷಿನಲ್ಲಿ ಅದರ ಅರ್ಥ ಬದುಕಿರುವ, ಜೀವ ಇರುವ. ಬೈಬಲಿನ ಹಳೇ ಅನುವಾದದಲ್ಲಿ ‘ಕ್ವಿಕ್ ಮತ್ತು ಡೆಡ್’ ಅಂತ ಬರುವುದು ‘ಬದುಕಿರುವವರು ಮತ್ತು ಸತ್ತವರು’ ಅನ್ನೋ ಅರ್ಥದಲ್ಲಿ. ಉಗುರಿನ ಬುಡದ, ಮುಟ್ಟಿದರೆ ನೋಯುವ ಜೀವಂತ ಚರ್ಮಕ್ಕೂ ಕ್ವಿಕ್ ಅಂತಲೇ ಹೆಸರು. ಪಾದರಸಕ್ಕೆ ಕ್ವಿಕ್‌ಸಿಲ್ವರ್ ಅಂತಾರೆ, ಜೀವ ಇರೋ ಬೆಳ್ಳಿ. ಜೀವ ಇರೋದು ಅಲ್ಲಾಡುತ್ತೆ, ಚುರುಕಾಗಿರುತ್ತೆ ಅನ್ನೋದರಿಂದ ಮೆಲ್ಲಗೆ ‘ಬೇಗ’ ಅನ್ನೋ ಅರ್ಥ ಬಂತು. ನಾನು ಕುರ್ಚಿಯಿಂದ ನೆಟ್ಟಗೆ ಕೂತಿದ್ದು ಮುಂದಿನ ಸಾಲು ಓದಿ. ಇಂಗ್ಲಿಷಿನ ಕ್ವಿಕ್, ಲ್ಯಾಟಿನ್ನಿನ ವೀವುಸ್, ಸಂಸ್ಕೃತದ ಜೀವ, ಮೂರೂ ಒಂದೇ ಬೇರಿನಿಂದ ಬಂದ ಪದಗಳು. ನಾವು ದಿನಾ ಹೇಳೋ ಜೀವ!

ಮಾರ್ಚ್ ಅಷ್ಟು ಸ್ವಾರಸ್ಯದ್ದಲ್ಲ. ಫ್ರೆಂಚಿನಿಂದ ಬಂದದ್ದು, ನಡೆ ಅಂತ ಅರ್ಥ, ಅದಕ್ಕೂ ಹಿಂದೆ ತುಳಿ ಅಂತ. ತಿಂಗಳ ಮಾರ್ಚಿಗೂ ಇದಕ್ಕೂ ಸಂಬಂಧ ಇಲ್ಲ. ಆ ತಿಂಗಳಿನ ಹೆಸರು ರೋಮನ್ನರ ಯುದ್ಧದೇವತೆ ಮಾರ್ಸ್‌ನಿಂದ ಬಂದದ್ದು.

ಕಾಲು ಕೂಡಿಸಿ ನಡೆಯೋದು ಸೈನಿಕರಿಗೆ ಹುಟ್ಟಿನಿಂದ ಬಂದ ಅಭ್ಯಾಸ ಅಂತ ಅಂದುಕೊಂಡಿದ್ದೆ. ಅದೂ ತಪ್ಪಂತೆ. ಯೂರೋಪಿನಲ್ಲಿ ಬಹುಕಾಲ ಪಡೆಗಳು ತಮಗೆ ತೋಚಿದ ಹಾಗೆ ನಡೆಯುತ್ತಿದ್ದವು. ಫ್ರೆಂಚ್ ಸೇನಾಪತಿ ಮಾರಿಸ್ ದ ಸಾಕ್ಸ್ ರೋಮನ್ನರ ಗೆಲುವಿನ ಗುಟ್ಟು ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕೋದರಲ್ಲೇ ಇತ್ತು ಅಂತ ವಾದಿಸಿದ. ಅವನು ಸತ್ತ ಮೇಲೆ 1757ರಲ್ಲಿ ಅವನ ಪುಸ್ತಕ ಅಚ್ಚಾಯಿತು. ಆಗಿನ ಬಂದೂಕುಗಳಿಗೆ ಗುರಿ ಅಷ್ಟಕ್ಕಷ್ಟೇ. ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಂತು ಒಟ್ಟಿಗೇ ಗುಂಡು ಹಾರಿಸಿದರೆ ಮಾತ್ರ ಪ್ರಯೋಜನ. ಹೊಲ, ಹಳ್ಳ ದಾಟುವಾಗ ಸಾಲು ಒಡೆಯಬಾರದು ಅಂದರೆ ಎಲ್ಲರ ಹೆಜ್ಜೆಯ ಉದ್ದವೂ ಒಂದೇ, ಹೊತ್ತೂ ಒಂದೇ ಇರಬೇಕು. ಹಾಗಾಗಿ ಹೆಜ್ಜೆಗೆ ಇಂಚು, ನಿಮಿಷದ ಲೆಕ್ಕ ಬಂತು.

ಅಮೆರಿಕದವರು ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದಾಗ ಅವರಿಗೆ ಡ್ರಿಲ್ ಕಲಿಸಿದವನು ಪ್ರಷ್ಯದ ಸ್ಟೊಯ್ಬೆನ್ ಅನ್ನುವವನು. 1778ರ ಚಳಿಯಲ್ಲಿ ವ್ಯಾಲಿ ಫೋರ್ಜ್ ಅನ್ನೋ ಶಿಬಿರಕ್ಕೆ ಬಂದ. ಇಂಗ್ಲಿಷ್ ಬರುತ್ತಿರಲಿಲ್ಲ. ಹುಡುಗರು ತಪ್ಪು ಮಾಡಿದರೆ ಜರ್ಮನ್, ಫ್ರೆಂಚಿನಲ್ಲಿ ಬೈದು ಬೈದು ಸಾಕಾಗಿ, ಇಂಗ್ಲಿಷಿನಲ್ಲಿ ಬೈಯಲಿಕ್ಕೆ ಪಕ್ಕದಲ್ಲಿದ್ದವರನ್ನ ಕರೆಯುತ್ತಿದ್ದನಂತೆ. ಭಾಷೆ ಗೊತ್ತಿಲ್ಲದವನು ಪಡೆ ಕಟ್ಟಿದ್ದು ನನಗೇನೂ ಆಶ್ಚರ್ಯ ಅನ್ನಿಸಲಿಲ್ಲ. ನಮ್ಮೂರ ಹುಡುಗರು ಹಿಂದಿಯ ಒಂದು ವಾಕ್ಯ ಬರದೇ ಎನ್‌ಸಿಸಿಯಲ್ಲಿ ತೇಜ್ ಚಲ್ ಕೇಳಿ ಚೆಂದ ನಡೆದಿಲ್ಲವೇ? ಮರುವರ್ಷ ಅವನ ನಿಯಮಪುಸ್ತಕ ಬಂತು. ಸಾಮಾನ್ಯ ಹೆಜ್ಜೆ ನಿಮಿಷಕ್ಕೆ 75, ಕ್ವಿಕ್ ಹೆಜ್ಜೆ 120. ಬ್ರಿಟನ್ನಿನಲ್ಲಿ ಡೇವಿಡ್ ಡಂಡಾಸ್ ಮಾಡಿದ 1792ರ ನಿಯಮಗಳಲ್ಲೂ ಸಾಮಾನ್ಯ ಹೆಜ್ಜೆ 75, ಕ್ವಿಕ್ ಮಾತ್ರ 108. ಆಗ 75 ಅನ್ನೋದೇ ‘ಸಾಮಾನ್ಯ’! ಈ ಸಂಖ್ಯೆ ನೆನಪಿಟ್ಟುಕೊಳ್ಳಿ.

ಎಡ, ಬಲ ಗೊತ್ತಿಲ್ಲದ ಹಳ್ಳಿ ಹುಡುಗರ ಕಥೆಯೂ ಇದೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಎಡಗಾಲಿಗೆ ಒಣಹುಲ್ಲು, ಬಲಗಾಲಿಗೆ ಗೋಧಿಹುಲ್ಲು ಕಟ್ಟಿ, ಲೆಫ್ಟ್, ರೈಟ್ ಬದಲು ‘ಹೇ-ಫುಟ್, ಸ್ಟ್ರಾ-ಫುಟ್’ ಅಂತ ಕೂಗುತ್ತಿದ್ದರಂತೆ. ಕೃಷಿಕರ ಮಕ್ಕಳಿಗೆ ಎರಡು ಹುಲ್ಲಿನ ವ್ಯತ್ಯಾಸ ಚೆನ್ನಾಗಿ ಗೊತ್ತು. ಇದನ್ನ ಹೇಳಿದಾಗ ಅಪ್ಪ, ‘ನಮ್ಮಲ್ಲಾದ್ರೆ ರಾಗಿಹುಲ್ಲು, ಭತ್ತದ ಹುಲ್ಲು ಕಟ್ಟಬಹುದಿತ್ತು’ ಅಂದರು.

ಒಂದೇ ತಾಳಕ್ಕೆ ಬೀಳುವ ಕಾಲಿನ ಶಕ್ತಿ ಎಷ್ಟು ಅಂತ ಬ್ರಿಟನ್ನಿಗೆ ಗೊತ್ತಾಗಿದ್ದು 1831ರ ಏಪ್ರಿಲ್ 12ಕ್ಕೆ. ಮ್ಯಾಂಚೆಸ್ಟರ್ ಹತ್ತಿರದ ಬ್ರಾಟನ್ ತೂಗುಸೇತುವೆ ಮೇಲೆ ಎಪ್ಪತ್ತು ಚಿಲ್ಲರೆ ಸೈನಿಕರು ನಡೆದು ಬರುತ್ತಿದ್ದರು. ಹೆಜ್ಜೆಗೆ ಸರಿಯಾಗಿ ಸೇತುವೆ ತೂಗತೊಡಗಿತು. ಹುಡುಗರಿಗೆ ಮಜಾ. ಸಿಳ್ಳೆ ಹಾಕಿಕೊಂಡು ಇನ್ನೂ ಜೋರಾಗಿ ಕುಟ್ಟಿದರು. ಸೇತುವೆ ಒಂದು ಕಡೆ ಕಳಚಿ ಸುಮಾರು ನಲವತ್ತು ಮಂದಿ ನದಿಗೆ ಬಿದ್ದರು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಅಂದಿನಿಂದ ಸೇತುವೆ ಬಂದರೆ ‘ಬ್ರೇಕ್ ಸ್ಟೆಪ್’, ಅಂದರೆ ತಾಳ ಮುರಿದು ಅವರವರ ಪಾಡಿಗೆ ನಡೆಯಬೇಕು ಅನ್ನೋ ಹುಕುಂ. ಲಂಡನ್ನಿನ ಆಲ್ಬರ್ಟ್ ಸೇತುವೆ ಮೇಲೆ ಇದನ್ನ ಹೇಳುವ ಬೋರ್ಡು ಈಗಲೂ ಇದೆ.

ಇಷ್ಟೆಲ್ಲ ನಾನು ಓದಿದ್ದು ವರ್ಕ್‌ಶೀಟಿಗಾಗಿ ಅಲ್ಲ, ಅಪ್ಪನಿಗಾಗಿ.

ಅಪ್ಪನಿಗೆ ಪಾರ್ಕಿನ್ಸನ್ ಶುರುವಾಗಿ ನಾಲ್ಕು ವರ್ಷ. ಮೊದಲು ಕೈ ನಡುಕ. ಆಮೇಲೆ ಅಕ್ಷರ ಸಣ್ಣದಾಯ್ತು, ದನಿ ಸಣ್ಣದಾಯ್ತು. ಮೂವತ್ತು ಇಂಚಿನ ಹೆಜ್ಜೆ ಹಾಕುತ್ತಿದ್ದವರು ಪಾದ ನೆಲಕ್ಕೆ ಉಜ್ಜಿಕೊಂಡು ಗೇಣುದ್ದ ಇಡತೊಡಗಿದರು. ಹೋದ ವರ್ಷದಿಂದ ಇನ್ನೊಂದು ಸೇರಿಕೊಂಡಿದೆ. ನಡೆಯುತ್ತಾ ನಡೆಯುತ್ತಾ ಇದ್ದಕ್ಕಿದ್ದ ಹಾಗೆ ಕಾಲು ನೆಲಕ್ಕೆ ಅಂಟಿಕೊಂಡುಬಿಡುತ್ತೆ. ಹೊಸ್ತಿಲ ಹತ್ತಿರ, ಬಚ್ಚಲ ಬಾಗಿಲಲ್ಲಿ, ಮಂಚದ ಪಕ್ಕ ತಿರುಗುವಾಗ. ತಲೆ ಹೋಗು ಅನ್ನುತ್ತೆ, ಕಾಲು ಕೇಳೋದಿಲ್ಲ. ಮೇಲಿನ ಮೈ ಮುಂದಕ್ಕೆ ಬಾಗಿರುತ್ತೆ, ಪಾದ ಅಲ್ಲೇ. ಬೀಳೋದು ಆಗಲೇ.

ಹಾಗೆ ನಿಂತಾಗ ನಾವೆಲ್ಲ ಮಾಡುತ್ತಿದ್ದದ್ದು ಒಂದೇ. ‘ಅಪ್ಪ ಬನ್ನಿ, ಬೇಗ ಬನ್ನಿ, ಏನಿಲ್ಲ ಬನ್ನಿ’ ಅಂತ ಹೇಳೋದು, ಕೈ ಹಿಡಿದು ಎಳೆಯೋದು. ಎಷ್ಟು ಅವಸರ ಮಾಡಿದರೆ ಅಷ್ಟು ಬಿಗಿಯಾಗುತ್ತಿತ್ತು. ಅಮ್ಮ ಒಂದು ಸಲ ಸಿಡಿಮಿಡಿಗೊಂಡು, ‘ಪಲ್ಟನ್ನಲ್ಲಿ ಹೀಗೇ ನಿಲ್ತಿದ್ರಾ?’ ಅಂದುಬಿಟ್ಟರು. ಅಪ್ಪ ಏನೂ ಹೇಳಲಿಲ್ಲ. ಎರಡು ದಿನ ಊಟದ ಮನೆಗೆ ಬರಲಿಲ್ಲ, ತಟ್ಟೆ ಕೋಣೆಗೇ ತರಿಸಿಕೊಂಡರು.

ಫಿಸಿಯೋಥೆರಪಿಯ ಹುಡುಗಿ ಮೊದಲು ಹೇಳಿದ್ದು, ಎಳೆಯಬೇಡಿ ಅಂತ. ಆಮೇಲೆ ವಿವರಿಸಿದಳು. ನಾವು ಆರೋಗ್ಯವಾಗಿರುವಾಗ ನಡಿಗೆ ತಾನಾಗಿ ನಡೆಯುತ್ತೆ, ಯೋಚನೆ ಮಾಡೋದಿಲ್ಲ. ಈ ಕಾಯಿಲೆಯಲ್ಲಿ ಆ ತಾನಾಗಿ ನಡೆಸುವ ಏರ್ಪಾಡೇ ಕೆಡುತ್ತೆ. ಆದರೆ ಹೊರಗಿನಿಂದ ಒಂದು ತಾಳ, ಎಣಿಕೆ, ಅಥವಾ ನೆಲದ ಮೇಲೆ ದಾಟಲಿಕ್ಕೆ ಒಂದು ಗೆರೆ ಸಿಕ್ಕರೆ ಕೆಲವರ ಕಾಲು ಬಿಡುತ್ತೆ. ‘ಒಂದು, ಎರಡು ಅಂತ ಎಣಿಸಿ, ಇಲ್ಲಾ ಅವರಿಗೆ ಪರಿಚಯ ಇರೋ ಯಾವುದಾದ್ರೂ ಲಯ ಹೇಳಿ’ ಅಂದಳು.

ಪರಿಚಯ ಇರೋ ಲಯ! ಮಾರನೇ ದಿನ ಬೆಳಿಗ್ಗೆ ಬಚ್ಚಲ ಹೊಸ್ತಿಲಲ್ಲಿ ಅಪ್ಪ ನಿಂತುಬಿಟ್ಟಾಗ ನಾನು ಅಡುಗೆಮನೆಯಿಂದಲೇ ‘ಕ್ವಿಕ್ಮಾರ್ಚು!’ ಅಂತ ಕೂಗಿದೆ. ಕಾಲು ಕದಲಲಿಲ್ಲ. ಆದರೆ ಬಹಳ ದಿನದ ಮೇಲೆ ಅಪ್ಪನಿಗೆ ಸಿಟ್ಟು ಬಂತು. ಸಣ್ಣ ದನಿಯಲ್ಲೇ, ‘ಇದೇನು ಸೊಪ್ಪು ಮಾರೋ ಕೂಗಾ? ನಿಲ್ಸು. ಸರಿಯಾಗಿ ಹೇಳು’ ಅಂದರು.

ನಾನು ಹತ್ತಿರ ಬಂದು ನಿಂತೆ. ‘ಕ್ವಿಕ್...’ ಅಂದೆ. ನಿಲ್ಲಿಸಿದೆ. ಆ ಬಿಡುವಿನಲ್ಲಿ ಏನಾಯಿತು ಅಂತ ನಾನು ಕಣ್ಣಾರೆ ನೋಡಿದೆ. ಬಾಗಿದ್ದ ಬೆನ್ನು ಸ್ವಲ್ಪ ನೆಟ್ಟಗಾಯಿತು. ಮೈಭಾರ ಬಲಗಾಲಿಗೆ ಹೋಯಿತು. ಎಡ ಹಿಮ್ಮಡಿ ಒಂದಿಷ್ಟು ಎದ್ದಿತು. ‘ಮಾರ್ಚ್’ ಅಂದೆ. ಎಡಗಾಲು ಹೊಸ್ತಿಲು ದಾಟಿತು.

ವರ್ಕ್‌ಶೀಟಿನ ಸಂಜೆ ಅಪ್ಪ ‘ಮೂರು’ ಅಂದಾಗ ನನಗೆ ನೆನಪಾಗಿದ್ದು ಆ ಬೆಳಗು. ನಾವು ‘ಬೇಗ ಬನ್ನಿ’ ಅನ್ನುವಾಗ ಕೊಡದೇ ಇದ್ದದ್ದು ಆ ನಡುವಿನ ಹೊತ್ತನ್ನೇ.

ಎಡಗಾಲಿನ ವಿಷಯದಲ್ಲಿ ಮಾತ್ರ ಮನೆಯಲ್ಲಿ ಒಂದು ರಗಳೆ ಆಯಿತು. ಸೈನ್ಯದಲ್ಲಿ ಹೊರಡುವುದು ಎಡಗಾಲಿನಿಂದಲೇ. ನಮ್ಮಲ್ಲಿ ಹೊಸ್ತಿಲು ದಾಟೋದು ಬಲಗಾಲಿಟ್ಟು. ಬಚ್ಚಲಿಗಾದರೆ ಅಮ್ಮ ಸುಮ್ಮನಿದ್ದರು. ದೇವರ ಕೋಣೆಗೂ ಅಪ್ಪ ಎಡಗಾಲಿಟ್ಟು ಹೋಗತೊಡಗಿದಾಗ ತಡೆಯಲಾಗಲಿಲ್ಲ. ‘ಫೌಜಿಗೆ ಎಡಗಾಲೇ ಮೊದಲು’ ಅಂತ ಅಪ್ಪ. ‘ದೇವರಿಗೆ ಫೌಜಿಲ್ಲ’ ಅಂತ ಅಮ್ಮ. ಕೊನೆಗೆ ದಾರಿ ಹುಡುಕಿದ್ದೂ ಅಮ್ಮನೇ. ಹೊಸ್ತಿಲಿಂದ ಒಂದು ಹೆಜ್ಜೆ ಹಿಂದೆ ಬಣ್ಣದ ಟೇಪು ಅಂಟಿಸಿದರು. ಅಪ್ಪ ಟೇಪಿನ ಹಿಂದೆ ನಿಂತರೆ ಎಡಗಾಲು ಟೇಪು ದಾಟುತ್ತೆ, ಬಲಗಾಲು ಹೊಸ್ತಿಲು ದಾಟುತ್ತೆ. ಟೇಪು ನೋಡಿ ಫಿಸಿಯೋ ಹುಡುಗಿಗೆ ಬಹಳ ಖುಷಿ. ಗೆರೆಯೂ ಆಯ್ತು, ತಾಳವೂ ಆಯ್ತು, ಮಡಿಯೂ ಆಯ್ತು.

ಇದನ್ನ ಓದಿ ಎಲ್ಲರೂ ಮನೆಯಲ್ಲಿ ಕ್ವಿಕ್ ಮಾರ್ಚ್ ಶುರುಮಾಡಬೇಡಿ. ಎಲ್ಲರಿಗೂ ಹೊಂದೋದಿಲ್ಲ, ಅಪ್ಪನಿಗೂ ಎಲ್ಲ ದಿನ ಹೊಂದೋದಿಲ್ಲ. ಮಾತ್ರೆಯ ಹೊತ್ತು ಮೀರಿದ್ದರೆ, ರಾತ್ರಿ ನಿದ್ದೆಯಾಗದಿದ್ದರೆ ಯಾವ ಹುಕುಂ ಕೂಡ ನಡೆಯೋದಿಲ್ಲ. ಆಗ ಸುಮ್ಮನೆ ಪಕ್ಕದಲ್ಲಿ ನಿಂತಿರೋದು. ಇನ್ನೊಂದು ಅಪಾಯ, ಹೊರಟ ಮೇಲೆ ಹೆಜ್ಜೆ ತಾನಾಗಿ ಸಣ್ಣದಾಗಿ ಚುರುಕಾಗುತ್ತಾ ಓಟದ ಹಾಗೆ ಆಗಿಬಿಡುತ್ತೆ. ಅದಕ್ಕೆ ನಿಲ್ಲಿಸುವ ಹುಕುಮೂ ಅಷ್ಟೇ ಮುಖ್ಯ. ನಿಲ್ಲಿಸುವಾಗಲೂ ಎಚ್ಚರಿಕೆ, ಬಿಡುವು, ಕೆಲಸ: ‘ಸ್ಕ್ವಾಡ್... ಹಾಲ್ಟ್’. ಒಬ್ಬರೇ ಇರೋ ಸ್ಕ್ವಾಡ್ ಅಂತ ಮಗಳಿಗೆ ನಗು. ನಿಂತು, ಉಸಿರು ತಗೊಂಡು, ನಿಂತಲ್ಲೇ ಎರಡು ಸಲ ಕಾಲೆತ್ತಿಟ್ಟು ಮತ್ತೆ ಹೊರಡೋದು. ನಿಂತಲ್ಲೇ ಹೆಜ್ಜೆ ಹಾಕೋದಕ್ಕೆ ಇಂಗ್ಲಿಷಿನಲ್ಲಿ ಮಾರ್ಕ್ ಟೈಮ್, ಹಿಂದಿಯಲ್ಲಿ ಕದಮ್ ತಾಲ್. ಹೆಜ್ಜೆಯ ತಾಳ! ಈ ಒಂದು ಹುಕುಮನ್ನ ಮಾತ್ರ ಅಪ್ಪ ಹಿಂದಿಯಲ್ಲೇ ಕೇಳ್ತಾರೆ. ಇಂಗ್ಲಿಷಿನದ್ದು ಸಪ್ಪೆ ಅಂತೆ.

ಗತಿಯ ಬಗ್ಗೆ ಜಗಳ ಆದದ್ದುಂಟು. ಫೋನಿನಲ್ಲಿ ಟಿಕ್ ಟಿಕ್ ಅನ್ನೋ ಮೆಟ್ರೊನೋಮ್ ಹಾಕಿಕೊಂಡು ಹಜಾರದಲ್ಲಿ ನಡೆಸಿ ಅಂತ ಫಿಸಿಯೋ ಹೇಳಿದ್ದಳು. ಅಪ್ಪ 120ಕ್ಕೇ ಇಡು ಅಂತ ಹಟ. ಇಟ್ಟರೆ ನಾಲ್ಕು ಹೆಜ್ಜೆಗೆ ತಾಳ ತಪ್ಪಿ ಮುಗ್ಗರಿಸುತ್ತಿದ್ದರು. ಇಳಿಸುತ್ತಾ ಬಂದು ಕಾಲು ಸರಿಯಾಗಿ ಕೂಡಿದ್ದು 75ಕ್ಕೆ. ಅಪ್ಪನ ಮುಖ ಸಪ್ಪಗಾಯಿತು. ‘ಇದು ಹೆಣದ ಹಿಂದೆ ಹೋಗೋ ಗತಿ’ ಅಂದರು. ಸ್ಲೋ ಮಾರ್ಚ್ ಅವರ ಮನಸ್ಸಿನಲ್ಲಿತ್ತು. ಅವತ್ತೇ ರಾತ್ರಿ ನಾನು ಸ್ಟೊಯ್ಬೆನ್‌ನ, ಡಂಡಾಸನ ಲೆಕ್ಕ ಓದಿ ಹೇಳಿದ್ದು. ಇನ್ನೂರು ವರ್ಷದ ಹಿಂದೆ ದೊಡ್ಡ ದೊಡ್ಡ ಸೈನ್ಯಗಳ ಸಾಮಾನ್ಯ ನಡಿಗೆಯೇ 75 ಅಂತ. ಅಪ್ಪ ಎರಡು ಸಲ ಕೇಳಿಸಿಕೊಂಡರು. ‘ಯಾವ ಇಸವಿ?’ ಅಂದರು. ‘1792’ ಅಂದೆ. ‘ಸರಿ ಹಾಗಾದ್ರೆ’ ಅಂದು ಮಲಗಿದರು. ಈಗ ಹಜಾರದಲ್ಲಿ ನಡೆಯುವಾಗ ಯಾರಾದರೂ ನೆಂಟರು ಬಂದರೆ, ‘ಇದು ಹಳೇ ಬ್ರಿಟಿಷ್ ಗತಿ’ ಅಂತ ತಾವೇ ಹೇಳ್ತಾರೆ.

ಈ ಸಲ ಆಗಸ್ಟ್ ಹದಿನೈದಕ್ಕೆ ಮಗಳು ಅವಳ ಹೌಸಿನ ಲೀಡರು. ಮೂವತ್ತಾರು ಮಕ್ಕಳಿಗೆ ಹುಕುಂ ಕೊಡಬೇಕು. ದಿನಾ ಸಂಜೆ ಮಹಡಿ ಮೇಲೆ ಪ್ರಾಕ್ಟೀಸು. ಅಪ್ಪನಿಗೆ ಮೆಟ್ಟಿಲು ಹತ್ತಲಾಗದು, ಕೆಳಗೆ ಕುರ್ಚಿ ಹಾಕಿಕೊಂಡು ಕೇಳ್ತಾರೆ. ಮೇಲಿಂದ ‘ಕ್ವಿಕ್’ ಅಂತ ಬರುತ್ತೆ. ಅಪ್ಪ ಬೆರಳೆತ್ತಿ ಗಾಳಿಯಲ್ಲಿ ಹಿಡಿದಿರ್ತಾರೆ. ನಡುಗುತ್ತಿರುತ್ತೆ. ‘ಮಾರ್ಚ್’ ಬಂದ ತಕ್ಷಣ ಬೆರಳು ಇಳಿಯುತ್ತೆ. ನಿನ್ನೆ ಬಿಡುವು ಒಂಚೂರು ಕಡಿಮೆಯಾಯಿತು. ಬೆರಳು ಇನ್ನೂ ಮೇಲಿರುವಾಗಲೇ ಮಾರ್ಚ್ ಬಂದುಬಿಟ್ಟಿತು.

‘ಅವಳಿಗೆ ಹೇಳು, ಮೂರು ಅಂತ’ ಅಂದರು.

ನಾನು ಮೆಟ್ಟಿಲ ಬುಡಕ್ಕೆ ಹೋಗಿ ಕೂಗಿ ಹೇಳಿದೆ. ಮೇಲಿಂದ, ‘ಗೊತ್ತು ತಾತಾ, ಇನ್ನೊಂದ್ಸಲ!’ ಅಂತ ಉತ್ತರ ಬಂತು.